ಹಳೆಯ ಕಾರು ಮನೆಯಲ್ಲಿರಬೇಕೆ? ಪರ – ವಿರೋಧ

ಪರ: ಸ್ಪ್ಯಾನರ್ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರಿಲ್ಲ

ಹಳೆಯ ಕಾರನ್ನು ಕೊಂಡು, ಮನೆಯಲ್ಲಿಟ್ಟುಕೊಂಡು, ರಿಪೇರಿ ಮಾಡಿ ಓಡಿಸುವ ಹವ್ಯಾಸ ಬೇಕೆ ಎಂಬ ಪ್ರಶ್ನೆಗೆ ‘ಬೇಕು’ ಎನ್ನುವ ಬದಿಯನ್ನು ನನಗೆ ವಹಿಸಿದ್ದಾರೆ. ಒಂದು ಷರತ್ತಿನ ಮೇಲೆ ಒಪ್ಪಿದ್ದೇನೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಬ್ಯೂಕ್, ಡಾಡ್ಜ್‌ಗಳ ವಿಷಯದಲ್ಲಿ ನಾನು ಬೇಕು ಎನ್ನಲಾರೆ. ಅವುಗಳ ಎಂಜಿನ್ ಹೆಡ್ಡಿನಡಿ ಕೂರುವ ಒಂದು ಗ್ಯಾಸ್ಕೆಟ್‌ಗೂ ವಿದೇಶದ ಕಡೆ ಮುಖ ಮಾಡಬೇಕು. ನಾನು ಮಾತಾಡುವುದು ಇಲ್ಲೇ ತಯಾರಾಗಿ, ಇಲ್ಲಿಯ ರಸ್ತೆಯಲ್ಲೇ ಸವೆದ ಎರಡು ಕಾರುಗಳ ಬಗ್ಗೆ. ಒಂದು, ಮುಂಬೈನ ಕುರ್ಲಾದಲ್ಲಿ ಫಿಯೆಟ್ 1100 ಆಗಿ ಶುರುವಾಗಿ, 1972ರಲ್ಲಿ ಪ್ರೆಸಿಡೆಂಟ್, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡದ್ದು. ಇನ್ನೊಂದು, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್.

ಈ ಎರಡರಲ್ಲೂ ಕಣ್ಣಿಗೆ ಕಾಣದ್ದು ಏನೂ ಇಲ್ಲ. ಪದ್ಮಿನಿಯ 1089 ಸಿಸಿ ಎಂಜಿನ್ನಿಗೆ ಬೇಕಾದದ್ದು ಪೆಟ್ರೋಲ್, ಗಾಳಿ, ಹೊತ್ತಿಗೆ ಸರಿಯಾಗಿ ಒಂದು ಕಿಡಿ. ದಾರಿಯಲ್ಲಿ ನಿಂತುಬಿಟ್ಟರೆ ಹುಡುಕುವ ಕ್ರಮವೂ ನೇರ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು, ಆ ಕರೆಂಟನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಿಂದ ಬಿಡಿಸಿ, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕಿನಿಂದ ಐದಾರು ಮಿ.ಮೀ. ದೂರದಲ್ಲಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ನೀಲಿ ಕಿಡಿ ಗಟ್ಟಿಯಾಗಿ ಹಾರಿದರೆ ಕಾಯಿಲ್ ಮತ್ತು ಅದರ ಕರೆಂಟನ್ನು ಕೂಡಿಸಿ ಕಡಿಯುವ ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಎರಡೂ ಸರಿಯಿವೆ. ಕ್ಯಾಪು, ರೋಟರ್ ನೋಡಿಕೊಂಡು ಪೆಟ್ರೋಲಿನ ಕಡೆ ಹೋಗಿ. ಕಿಡಿ ಹಳದಿಯಾಗಿ ಸೊರಗಿದ್ದರೆ ಮೊದಲ ಅನುಮಾನ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮೇಲೆ. ಕಿಡಿಯೇ ಇಲ್ಲದಿದ್ದರೆ ಸಾಮಾನ್ಯವಾಗಿ ಸಿಬಿ ಪಾಯಿಂಟ್ ಸುಟ್ಟಿರುತ್ತದೆ, ಇಲ್ಲವೇ ಗ್ಯಾಪ್ ಮುಚ್ಚಿಹೋಗಿರುತ್ತದೆ. ಪಾಯಿಂಟಿನ ಮುಖವನ್ನು ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ, ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪಾಯಿಂಟ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಸುಮಾರು 0.45 ಮಿ.ಮೀ. ಗ್ಯಾಪ್ ಕೊಟ್ಟರೆ ಕಾರು ಮನೆ ತಲುಪುತ್ತದೆ. ಪೆಟ್ರೋಲ್ ಕಡೆಯ ದೋಷಕ್ಕೆ, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಒಂದು ಬಾಟಲಿಗೆ ಹಿಡಿದು ಎಂಜಿನ್ ತಿರುಗಿಸಿ. ಪ್ರತಿ ಸಲವೂ ಚಿಮ್ಮಬೇಕು. ಬರೀ ಜಿನುಗಿದರೆ ಪಂಪಿನ ಡಯಾಫ್ರಾಮ್ ಹರಿದಿದೆ, ಅಥವಾ ಟ್ಯಾಂಕಿನ ಕಸ ಪೈಪಿನಲ್ಲಿ ಕೂತಿದೆ.

ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದನ್ನು ಸರಿಪಡಿಸುವುದು, ಅರ್ಧ ದಿನದಲ್ಲಿ ಕಲಿಯಬಹುದಾದ ಕೆಲಸ. ಎಂಟು ವಾಲ್ವ್‌ಗಳಿವೆ. ಲೆಕ್ಕ ಒಂಬತ್ತರದು, ತೆರೆದ ವಾಲ್ವ್ ಮತ್ತು ಸೆಟ್ ಮಾಡುವ ವಾಲ್ವ್‌ಗಳ ಸಂಖ್ಯೆ ಕೂಡಿದರೆ ಒಂಬತ್ತು: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಸೆಟ್ ಮಾಡಿ, ಆರನೆಯದು ತೆರೆದಾಗ ಮೂರನೆಯದನ್ನು, ಐದು ತೆರೆದಾಗ ನಾಲ್ಕನ್ನು. ಗ್ಯಾಪ್ 15 ಥೌ, ಅಂದರೆ 0.015 ಇಂಚು. ಇಲ್ಲಿ ಒಂದು ಎಚ್ಚರಿಕೆ ಬೇಕು. 2000ದಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆ ಈ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತಾನು ಕೂರುವ ಅಂಚನ್ನೇ (ಸೀಟನ್ನೇ) ಸವೆಸಿಕೊಂಡು ಒಳಗೆ ಇಳಿಯುತ್ತದೆ. ಹಾಗಾದಾಗ ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತದೆ, ಸದ್ದೂ ಅಡಗುತ್ತದೆ. ಎಂಜಿನ್ ಮೆತ್ತಗಾಯಿತೆಂದು ಸುಮ್ಮನಿದ್ದರೆ ವಾಲ್ವ್ ಸುಡುತ್ತದೆ. ಮುಂದಿನ ಸಲ ಹೆಡ್ ಇಳಿಸಿದಾಗ ಲೇತ್ ಶಾಪಿನಲ್ಲಿ ಗಟ್ಟಿ ಉಕ್ಕಿನ ಸೀಟ್ ಇನ್ಸರ್ಟ್ ಹಾಕಿಸಿಬಿಟ್ಟರೆ ಈ ತಾಪತ್ರಯ ಮುಗಿಯಿತು.

ಕೊಳ್ಳುವಾಗ ಬಣ್ಣ, ಸೀಟು ನೋಡಬೇಡಿ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲುಗಳ ಕೆಳಭಾಗ, ಡಿಕ್ಕಿಯ ನೆಲ, ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ ಎಳೆಯಿರಿ. ಹಿಡಿತ ಬಿಟ್ಟ ಕಡೆ ತಗಡಿಲ್ಲ, ಪುಟ್ಟಿ ಇದೆ. ಎರಡೂ ಕಾರುಗಳಿಗೆ ಬೇರೆ ಚಾಸಿ ಇಲ್ಲದ್ದರಿಂದ ಭಾರ ಹೊರುವುದರಲ್ಲಿ ಆ ಸಿಲ್‌ಗೆ ದೊಡ್ಡ ಪಾಲಿದೆ. ಅದನ್ನು ಬದಲಿಸುವಾಗ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆಂಗಲ್ ವೆಲ್ಡ್ ಮಾಡಿಸಿ, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿ ಕತ್ತರಿಸಬೇಕು. ಆಂಗಲ್ ಇಲ್ಲದೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ.

ಕಾನೂನೂ ಈಗ ಹವ್ಯಾಸಿಗಳ ಕಡೆಗಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ; ಮರುನೋಂದಣಿಗೆ 5,000. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರ್ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ಜಾಗ, ಮಳೆ, ತುಕ್ಕು ಎಂಬ ಆಕ್ಷೇಪ ಬಂದೇ ಬರುತ್ತದೆ. ಜಾಗ ಇದ್ದವರು ಕೊಳ್ಳಲಿ. ಆದರೆ ಒಂದು ಮಾತು ಖಂಡಿತ: ಖಾಸಗಿ ಮನೆಗಳವರು ಇಟ್ಟುಕೊಳ್ಳದೆ ಹೋಗಿದ್ದರೆ ಇವತ್ತು ಓಡುತ್ತಿರುವ ಪದ್ಮಿನಿಗಳೆಲ್ಲ ಎಂದೋ ಗುಜರಿ ಸೇರಿರುತ್ತಿದ್ದವು.

ವಿರೋಧ: ನಿಂತ ಕಾರು ಉಳಿಯುವುದಿಲ್ಲ

ಪರ ಬರೆದವರು ಬರೆದದ್ದೆಲ್ಲ ಓಡುವ ಕಾರಿನ ಬಗ್ಗೆ. ಹವ್ಯಾಸಕ್ಕೆ ಕೊಂಡ ಕಾರು ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಈ ಕಾರುಗಳ ಮೇಲೆ ನನಗೆ ಅಪಾರ ಪ್ರೀತಿ ಇರುವುದರಿಂದಲೇ ಕೊಳ್ಳಬೇಡಿ ಎನ್ನುತ್ತಿದ್ದೇನೆ. ಅರ್ಧ ಶತಮಾನ ಓಡಿ ಉಳಿದ ಕಾರನ್ನು ಶೆಡ್ಡಿನ ನಾಲ್ಕು ಮಳೆಗಾಲ ಮುಗಿಸಿಬಿಡುತ್ತವೆ.

ನಿಂತ ಕಾರಿನೊಳಗೆ ಏನಾಗುತ್ತದೆ ಎಂದು ನೋಡಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್-3 ಎಣ್ಣೆ ಕುದಿಯುವುದು 205 ಡಿಗ್ರಿಗೆ. ತೇವ ಹೀರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯುತ್ತದೆ. ಆ ನೀರು ವೀಲ್ ಸಿಲಿಂಡರಿನ ತಳದಲ್ಲಿ ಕೂತು ಬೋರ್‌ನಲ್ಲಿ ಗುಳಿ ಕೊರೆಯುತ್ತದೆ. ಮೊದಲ ಸಲ ಜೋರಾಗಿ ಬ್ರೇಕ್ ತುಳಿದಾಗ ರಬ್ಬರ್ ಕಪ್ ಆ ಗುಳಿಗೆ ಉಜ್ಜಿ ಹರಿಯುತ್ತದೆ. 1960ರ ದಶಕದ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಇರುವುದು ಒಂದೇ ಬ್ರೇಕ್ ಲೈನ್. ಒಂದು ಕಪ್ ಹರಿದರೆ ನಾಲ್ಕೂ ಬ್ರೇಕ್ ಹೋದಂತೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟುತ್ತದೆ. ಹೆಗ್ಗಣ ವೈರಿಂಗಿನ ಬಟ್ಟೆ ಹೊದಿಕೆಯನ್ನು ಕಡಿದು ಸೀಟಿನ ತೆಂಗಿನ ನಾರಿನಲ್ಲಿ ಗೂಡು ಮಾಡುತ್ತದೆ.

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಎನ್ನುತ್ತಾರೆ. ನಿಂತ ಕಾರಿಗೆ ಇಷ್ಟು ಕೇಡು ಮಾಡುವ ಅಭ್ಯಾಸ ಇನ್ನೊಂದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವುದರಲ್ಲಿ ನೀರಿನ ಆವಿಯೂ ಸೇರಿದೆ. ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ಬಿಸಿಯಾಗದಿದ್ದರೆ ಆ ಆವಿ ಹೊರಹೋಗದೆ ಸೈಲೆನ್ಸರಿನೊಳಗೆ ನೀರಾಗಿ ನಿಲ್ಲುತ್ತದೆ, ಆಯಿಲ್ ಚೇಂಬರಿಗೂ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಅದು ಈ ಹತ್ತು ನಿಮಿಷಗಳ ಕೊಡುಗೆ ಇದ್ದೀತು. ಓಡಿಸುವುದಾದರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಬೇಕು. ಆದರೆ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ಅನುಮತಿ. ಪರ ಬರೆದವರು ಹೊಗಳಿದ ನಿಯಮದಲ್ಲೇ ಈ ಸಾಲೂ ಇದೆ.

ಈಗ ಪೆಟ್ರೋಲ್ ವಿಷಯ. ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಇ-20. ಎಥನಾಲ್ ನೀರನ್ನು ಹೀರುತ್ತದೆ. ಹೀರುವ ಮಿತಿ ದಾಟಿದ ಮೇಲೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪಿಗೆ ಹೋಗುವ ಪೈಪಿನ ಬಾಯಿ ಇರುವುದೂ ಅಲ್ಲೇ. ಹಳೆಯ ರಬ್ಬರ್ ಪೈಪು ಊದಿ ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಪಂಪಿನ ಡಯಾಫ್ರಾಮ್ ಗಟ್ಟಿಯಾಗಿ ಸೀಳುತ್ತದೆ. ಸತುವಿನ ಮಿಶ್ರಲೋಹದ ಕಾರ್ಬುರೇಟರಿನೊಳಗೆ ಬಿಳಿ ಪುಡಿ ಕಟ್ಟಿ ಪೆಟ್ರೋಲ್ ಬಿಡುವ ಸಣ್ಣ ರಂಧ್ರ, ಅಂದರೆ ಜೆಟ್, ಮುಚ್ಚುತ್ತದೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕಾದ್ದರಿಂದ ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. ಪರಿಹಾರ ಇಲ್ಲವೆಂದಲ್ಲ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ವಿಟಾನ್ ರಬ್ಬರಿನದಕ್ಕೆ ಬದಲಿಸಬೇಕು, ಡಯಾಫ್ರಾಮ್ ಎಥನಾಲ್ ತಡೆಯುವಂಥದ್ದನ್ನೇ ಹಾಕಬೇಕು, ಮೇನ್ ಜೆಟ್ ಒಂದು ಸೈಜು ದೊಡ್ಡದು ಮಾಡಿ ಪ್ಲಗ್ಗಿನ ಬಣ್ಣ ನೋಡಬೇಕು. ಪ್ಲಗ್ ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಇನ್ನೂ ತೆಳು. ಶೆಡ್ಡಿನಲ್ಲಿ ನಿಂತ ಎಷ್ಟು ಕಾರುಗಳಿಗೆ ಇದನ್ನೆಲ್ಲ ಮಾಡಿದ್ದಾರೆ?

ಇದಕ್ಕಿಂತ ದೊಡ್ಡ ಚಿಂತೆ ಕೈಕೆಲಸದ ತಿಳಿವಳಿಕೆಯದು. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ತೆಗೆದುಕೊಳ್ಳಿ. ಅದರ ಮುಂದಿನ ಚಕ್ರ ತಿರುಗಲು ಕೆಳಗಡೆ ಬಾಲ್ ಜಾಯಿಂಟ್ ಇಲ್ಲ. ಉಕ್ಕಿನ ಲಂಬ ತೋಳಿನ ತುದಿಯಲ್ಲಿ ಮರೆ, ಅಂದರೆ ಸ್ಕ್ರೂವಿನಲ್ಲಿರುವಂಥ ಸುರುಳಿ ಗೀರು, ಇದೆ. ಅದು ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ಬೋಲ್ಟು ನಟ್ಟಿನಲ್ಲಿ ತಿರುಗುವಂತೆ ತಿರುಗುತ್ತದೆ. ಈ ಜಾಗಕ್ಕೆ ಹಾಕಬೇಕಾದ್ದು ಇಪಿ-90 ಗೇರ್ ಆಯಿಲ್, ಗ್ರೀಸ್ ಅಲ್ಲ. ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಒತ್ತುವುದು ವರ್ಕ್‌ಶಾಪಿನ ರೂಢಿ. ಗ್ರೀಸ್ ಮರೆಯ ಸಂದಿಗೆ ಪೂರ್ತಿ ಇಳಿಯದೆ ಒಣಗಿ ಗಟ್ಟಿಯಾಗುತ್ತದೆ, ಮುಂದೆ ಎಣ್ಣೆ ಹೋಗುವ ದಾರಿಯನ್ನೂ ಮುಚ್ಚುತ್ತದೆ. ಮೇಲಿನ ಸೀಲಿನಿಂದ ಇಳಿದ ಮಳೆನೀರು ಒಳಗೇ ನಿಂತು ತೋಳಿನ ಮರೆಗೆ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಒಂದು ದಿನ ಗೇಟಿನ ಬಳಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ತೋಳು ಮುರಿದು ಚಕ್ರ ಮಡ್‌ಗಾರ್ಡಿನೊಳಗೆ ಮಡಚಿಕೊಳ್ಳುತ್ತದೆ. ಅದೇ 60 ಕಿಲೋಮೀಟರ್ ವೇಗದಲ್ಲಿ ಆದರೆ? ಸರಿಯಾದ ಕ್ರಮವೆಂದರೆ ಗನ್ನಿಗೆ ಇಪಿ-90 ತುಂಬಿ, ಮೇಲಿನ ಸೀಲಿನಿಂದ ಎಣ್ಣೆ ಹೊರಗೆ ಜಿನುಗುವವರೆಗೆ ಒತ್ತಿ, ಆರು ತಿಂಗಳಿಗೊಮ್ಮೆ ಇದನ್ನು ಮಾಡಬೇಕು. ಎಡ ಬಲದ ಭಾಗಗಳ ಮರೆ ಬೇರೆ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಇದನ್ನು ತಿಳಿದ ಹಿರಿಯ ಮೆಕ್ಯಾನಿಕ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿಲ್ಲದ ಊರಿನಲ್ಲಿ ಹೆರಾಲ್ಡ್ ಕೊಂಡವರು ಆ ಕಾರಿಗೆ ಉಪಕಾರ ಮಾಡುತ್ತಿಲ್ಲ.

ಗುಜರಿಗೆ ಹೋಗುವುದಕ್ಕಿಂತ ಮನೆಯಲ್ಲಿರುವುದು ವಾಸಿ ಎನ್ನುವವರು ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಒಂದು ಸುತ್ತು ಹಾಕಲಿ. ಗುಜರಿಗೆ ಬಂದ ಪದ್ಮಿನಿಯ ಗೇರ್‌ಬಾಕ್ಸ್, ಆ್ಯಕ್ಸಲ್, ಡೈನಮೊ, ಬಾಗಿಲಿನ ಹಿಡಿ ಎಲ್ಲವೂ ಇನ್ನೊಂದು ಪದ್ಮಿನಿಯನ್ನು ಓಡಿಸುತ್ತವೆ. ಶೆಡ್ಡಿನಲ್ಲಿ ಬಿಚ್ಚಿಟ್ಟ ಪದ್ಮಿನಿಯಿಂದ ಯಾರಿಗೂ ಏನೂ ಸಿಗುವುದಿಲ್ಲ. ಎಂಜಿನ್ ಲೇತ್ ಶಾಪಿನಲ್ಲಿ, ಬಾಡಿ ಟಿಂಕರಿಂಗ್ ಶೆಡ್ಡಿನಲ್ಲಿ, ನಟ್ಟು ಬೋಲ್ಟು ಗುರುತು ಹಾಕದ ಡಬ್ಬಿಯಲ್ಲಿ. ಬಿಚ್ಚಿದವರೇ ಮರುಜೋಡಣೆಗೆ ಸಿಗದಿದ್ದರೆ ಆ ಕಾರು ಅಲ್ಲಿಗೆ ಮುಗಿಯಿತು. ಬರೀ ನೋಡುವ ಆಸೆಯಾದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯ ಇದೆ. ಅಲ್ಲಿ ಕಾರುಗಳು ಒಣಗಿದ ಜಾಗದಲ್ಲಿ, ನೋಡಿಕೊಳ್ಳುವವರ ಕೈಯಲ್ಲಿವೆ.

ಮನೆಯಲ್ಲಿ ಈಗಾಗಲೇ ಒಂದು ಇದ್ದರೆ ಮಳೆಗಾಲಕ್ಕೆ ಮುಂಚೆ ಇಷ್ಟಾದರೂ ಮಾಡಿ. ಅರ್ಧ ಗಂಟೆ ಓಡಿಸಿ ಬಿಸಿಯಿರುವಾಗಲೇ ಎಂಜಿನ್ ಆಯಿಲ್ ಬದಲಿಸಿ. ಹಳೆಯ ಆಯಿಲಿನಲ್ಲಿರುವ ಆಮ್ಲ ಬೇರಿಂಗ್ ತಿನ್ನುತ್ತದೆ. ಟ್ಯಾಂಕು ಮತ್ತು ಕಾರ್ಬುರೇಟರ್ ಖಾಲಿ ಮಾಡಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೆ ಪ್ಲಗ್ ಹಾಕಿ. ಬ್ಯಾಟರಿ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ಅಡ್ಡೆ ಕೊಡಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಲೇಬೇಡಿ. ನೆಲದ ತೇವ ಅದರಡಿ ಸಿಕ್ಕಿಬಿದ್ದು ಮೇಲಿನಿಂದಲೂ ತುಕ್ಕು ಹಿಡಿಸುತ್ತದೆ, ಹತ್ತಿಬಟ್ಟೆಯ ಕವರ್ ಸಾಕು. ಇಷ್ಟು ಮಾಡುವ ಪುರುಸೊತ್ತು ಇಲ್ಲದವರು, ಬಿಚ್ಚಿ ವರ್ಷವಾದರೂ ಜೋಡಿಸದವರು ಕಾರನ್ನು ಒಂದು ನಟ್ಟೂ ಬಿಡದೆ ಎಲ್ಲ ಭಾಗಗಳ ಸಮೇತ, ಓಡಿಸುವವರಿಗೆ ಕೊಟ್ಟುಬಿಡಿ. ಆರ್‌ಸಿ ಹೆಸರಿನಲ್ಲಿರುವವರು ಬದುಕಿರುವಾಗಲೇ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಮಾಡಿಸಿ. ಅವರು ತೀರಿಕೊಂಡ ಮೇಲೆ ಫಾರಂ 31, ವಾರಸುದಾರರ ಒಪ್ಪಿಗೆ ಎಂದು ಕಾಗದಪತ್ರ ಸುತ್ತುವಷ್ಟರಲ್ಲಿ ಇನ್ನೆರಡು ಮಳೆಗಾಲ ಆ ಕಾರಿನ ಮೇಲೆ ಸುರಿದಿರುತ್ತದೆ.