ಮಗನ ಯುವನಿಧಿಯಿಂದ ಅಮ್ಮನ ಗೃಹಲಕ್ಷ್ಮಿ ನಿಲ್ಲುವುದಿಲ್ಲ

‘ಮಗ ಯುವನಿಧಿ (ನಿರುದ್ಯೋಗ ಭತ್ಯೆ) ತೆಗೆದುಕೊಂಡರೆ ತಾಯಿಯ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ನಿಲ್ಲುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ಉಡುಪಿ, ಮಂಗಳೂರಿನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಗೃಹಲಕ್ಷ್ಮಿಗೆ ಅಡ್ಡಬರುವುದು ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವುದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವುದು, ಮಗನ ಭತ್ಯೆಯಲ್ಲ.

ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಎಂ.ಕಾಂ.ನಂಥ ಉನ್ನತ ಶಿಕ್ಷಣಕ್ಕೆ ಸೇರಿದವರಿಗೆ ಇಲ್ಲ.

ಯುವನಿಧಿ ಹಣ ನಿಜಕ್ಕೂ ನಿಲ್ಲುವುದು ಬೇರೆ ಕಡೆ: ‘ಇನ್ನೂ ನಿರುದ್ಯೋಗಿ’ ಎಂಬ ಸ್ವಯಂ ಘೋಷಣೆಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಗಡುವಿನೊಳಗೆ ಸಲ್ಲಿಸದಿದ್ದಾಗ, ಇಲ್ಲವೇ ಖಾತೆಗೆ ಆಧಾರ್ ಜೋಡಣೆಯಾಗದಿದ್ದಾಗ. ಪಾಸ್‌ಬುಕ್ಕಿನಲ್ಲಿ ಹೆಸರಿದ್ದರೆ ಸಾಲದು. ನೇರ ನಗದು ವರ್ಗಾವಣೆಗೆ ಆ ಖಾತೆಯೇ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.