ಮೊದಲು ಹೆಣ್ಣೂ ಅಲ್ಲ, ಗಂಡೂ ಅಲ್ಲ

‘ಎಲ್ಲ ಭ್ರೂಣಗಳೂ ಮೊದಲು ಹೆಣ್ಣೇ’ ಎಂಬ ಮಾತು ಕೇಳಲು ಚೆಂದ, ಆದರೆ ಅರ್ಧಸತ್ಯ. ಏಳನೆಯ ವಾರದ ಹೊತ್ತಿಗೆ ಪ್ರತಿ ಭ್ರೂಣದಲ್ಲೂ ಗಂಡಿನ ಒಳ ಜನನಾಂಗಗಳಾಗಬಲ್ಲ ವೂಲ್ಫ್ ನಾಳ, ಹೆಣ್ಣಿನ ಒಳ ಜನನಾಂಗಗಳಾಗಬಲ್ಲ ಮ್ಯುಲರ್ ನಾಳ ಎರಡೂ ಜೋಡಿ ಇರುತ್ತವೆ. ವೈ ವರ್ಣತಂತುವಿನಲ್ಲಿರುವ, 1990ರಲ್ಲಿ ಗುರುತಿಸಲಾದ ಎಸ್‌ಆರ್‌ವೈ ಜೀನ್ ಎಚ್ಚೆತ್ತರೆ ವೃಷಣ ಮೂಡುತ್ತದೆ. ಅದರ ಒಂದು ಹಾರ್ಮೋನು ಮ್ಯುಲರ್ ನಾಳವನ್ನು ಕರಗಿಸುತ್ತದೆ, ಟೆಸ್ಟೋಸ್ಟೆರೋನ್ ವೂಲ್ಫ್ ನಾಳವನ್ನು ಉಳಿಸುತ್ತದೆ.

ಪೂರ್ತಿ ಕರಗುವುದೂ ಇಲ್ಲ ಅನ್ನಿ! ಡೊಂಬಿವಲಿಯಲ್ಲಿರುವ ನಮ್ಮಕ್ಕನ ಮಗ ಹತ್ತು ವರ್ಷದವನಿದ್ದಾಗ ತಡೆಯಲಾರದ ನೋವೆಂದು ಅತ್ತಿದ್ದ. ವೃಷಣದ ಮೇಲ್ತುದಿಯಲ್ಲಿ, ಚರ್ಮದಡಿ, ಕಡಲೆಬೇಳೆಯಷ್ಟು ನೀಲಿ ಚುಕ್ಕೆ. ಅಜ್ಜಿ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದರು, ಭಾವ ರಿಕ್ಷಾ ಹಿಡಿದರು. ತಿರುಚಿಕೊಂಡದ್ದು ಮ್ಯುಲರ್ ನಾಳದ ಪಳೆಯುಳಿಕೆ ಎಂದರು ವೈದ್ಯರು. ಹೆಣ್ಣಾಗಿದ್ದರೆ ಆ ನಾಳವೇ ಗರ್ಭಕೋಶವಾಗುತ್ತಿತ್ತು ಎಂದರೆ ಅಕ್ಕ ಇಂದಿಗೂ ನಂಬುವುದಿಲ್ಲ.