ಗುಂಯ್‌ಗೂ ಒಂದು ನಾಬ್

ಹೋದ ವರ್ಷ ನಮ್ಮ ಫ್ಲಾಟಿನ ಅರ್ಥಿಂಗ್ ಕೆಟ್ಟಿತ್ತು. ಗಿಟಾರ್ ಪ್ಲಗ್ ಮಾಡಿದರೆ ಸಾಕು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಅರ್ಧ ದಿನ ಸ್ವಿಚ್‌ಬೋರ್ಡುಗಳನ್ನೆಲ್ಲ ಬಿಚ್ಚಿ ಹಾಕಿ, 800 ರೂಪಾಯಿ ತಗೊಂಡು, ಗುಂಯ್ ನಿಲ್ಲಿಸಿ ಹೋದ.

ಅದೇ ತಿಂಗಳು ಕಂತಿನಲ್ಲಿ ಒಂದು ಡಿಜಿಟಲ್ ಆಂಪ್ ಮಾಡೆಲರ್ ತಂದೆ. ಮೆನು, ಅದರೊಳಗೊಂದು ಮೆನು, ಅದನ್ನೂ ದಾಟಿ ಹೋದರೆ ಅಲ್ಲೊಂದು ನಾಬ್. ಹೆಸರು 'ಹಮ್'. ಅಂದ್ರೆ ಗುಂಯ್. ಬೇಕಾದಷ್ಟು ತಿರುಗಿಸಿಕೊಳ್ಳಬಹುದು. ಐದಕ್ಕೆ ಇಟ್ಟೆ. ಕಣ್ಣು ಮುಚ್ಚಿ ಕೇಳಿದೆ. ಆಹಾ, ಅಪ್ಪಟ 1967! ಆ ವರ್ಷ ನಾನಿನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಈ ಹುಚ್ಚು ಹಿಡಿಯದ ಪುಣ್ಯವಂತರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಅಷ್ಟಕ್ಕಷ್ಟೆ. ಅದರ ಬಾಯಿ ಇರುವುದು ಆಂಪ್‌ನಲ್ಲಿ, ಅಂದರೆ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್‌ನಲ್ಲಿ. ಹಳೆ ಆಂಪ್‌ಗಳ ಒಳಗೆ ಗಾಜಿನ ವಾಲ್ವ್. ಅಜ್ಜನ ಕಾಲದ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ ಜಾತಿ. ತಾಳುವುದಕ್ಕಿಂತ ಜಾಸ್ತಿ ಹೊರೆ ಹೊರಿಸಿದರೆ ಅಲೆಯ ತುದಿಗಳು ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ. ಆ ಒಡಕು ದನಿಗೇ ನಾವೆಲ್ಲ ಮರುಳಾದದ್ದು. ಮಾಡೆಲರ್ ಅಂದರೆ ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಅದರ ಮುಂದಿಟ್ಟ ಮೈಕು ಎಲ್ಲವನ್ನೂ ಲೆಕ್ಕಕ್ಕಿಳಿಸಿ ಚಿಪ್ ಒಳಗೆ ಮತ್ತೆ ಕಟ್ಟುವ ಪೆಟ್ಟಿಗೆ. 1998ರಲ್ಲಿ ಲೈನ್ 6 ಕಂಪನಿ ಕಿಡ್ನಿ ಆಕಾರದ ಕೆಂಪು 'ಪಾಡ್' ಬಿಟ್ಟಿತು. 2011ರ ಹೊತ್ತಿಗೆ ಜರ್ಮನಿಯಿಂದ ಕೆಂಪರ್ ಬಂತು. ಇದು ನಿಜವಾದ ಆಂಪ್‌ಗೆ ಚಿತ್ರವಿಚಿತ್ರ ಸದ್ದು ಕಳಿಸಿ, ಅದು ಹೇಗೆ ಕಿರುಚುತ್ತದೆ ಅಂತ ಕೇಳಿಸಿಕೊಂಡು, ಜಾತಕ ಬರೆದಿಟ್ಟುಕೊಳ್ಳುತ್ತದೆ. ಈಗ ಆ ಕೆಲಸಕ್ಕೆ ನ್ಯೂರಲ್ ನೆಟ್‌ವರ್ಕ್ ಬಂದಿದೆ. ಹೀಗೆ ಸದ್ದಿನ ಜಾತಕ ಬರೆದಿಟ್ಟುಕೊಳ್ಳುವುದಕ್ಕೆ 'ಕ್ಯಾಪ್ಚರ್' ಅನ್ನುತ್ತಾರೆ.

ಇಷ್ಟೆಲ್ಲ ವಿದ್ಯೆ ಖರ್ಚು ಮಾಡಿ ನಕಲು ಮಾಡುತ್ತಿರುವುದಾದರೂ ಏನನ್ನ? ಕೆಟ್ಟುಹೋದ ಸಾಮಾನನ್ನ.

1951ರಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಗೆ ಐಕ್ ಟರ್ನರ್ ತಂಡ ಬಂತು. ಗಿಟಾರಿಸ್ಟ್ ವಿಲ್ಲಿ ಕಿಜಾರ್ಟ್ ಅವರ ಆಂಪ್ ದಾರಿಯಲ್ಲೇ ಪೆಟ್ಟು ತಿಂದಿತ್ತು. ರಿಪೇರಿಗೆ ಹೊತ್ತಿಲ್ಲ. ಸ್ಪೀಕರಿಗೆ ಕಾಗದ ತುರುಕಿ ರೆಕಾರ್ಡ್ ಮಾಡಿಬಿಟ್ಟರು. 1958ರಲ್ಲಿ ಲಿಂಕ್ ರೇ ಎಂಬ ಮಹಾನುಭಾವ ಪೆನ್ಸಿಲ್ ತಗೊಂಡು ತನ್ನ ಸ್ಪೀಕರನ್ನು ತಾನೇ ತೂತು ಮಾಡಿದ. 1964ರಲ್ಲಿ ಲಂಡನ್‌ನ ಕಿಂಕ್ಸ್ ತಂಡದ ಹುಡುಗ ಡೇವ್ ಡೇವಿಸ್ ಬ್ಲೇಡ್ ಹಿಡಿದು ಸ್ಪೀಕರ್ ಸೀಳಿದ. ಮೂವರೂ ಈಗ ರಾಕ್ ಇತಿಹಾಸದಲ್ಲಿದ್ದಾರೆ.

ನಮ್ಮೂರ ಜಾತ್ರೆಯಲ್ಲಿ ಮೈಕ್‌ಸೆಟ್‌ನವನ ಸ್ಪೀಕರೂ ಹರಿದಿತ್ತು. ಹರಿಕಥೆ ದಾಸರ ದನಿ ಗರಗರ ಅಂತ ಬಂತು. ಊರಿನವರು ಬಾಡಿಗೆಯಲ್ಲಿ ನೂರು ರೂಪಾಯಿ ಮುರಿದುಕೊಂಡು, ಬೈದು ಕಳಿಸಿದರು.

ನನಗೆ ತುಂಬ ಇಷ್ಟವಾದ ಕತೆ ನ್ಯಾಶ್‌ವಿಲ್‌ನದು. ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ರೆಕಾರ್ಡಿಂಗ್. ಗ್ರೇಡಿ ಮಾರ್ಟಿನ್ ಬಾಸ್ ಸೋಲೋ ನುಡಿಸುತ್ತಿದ್ದಾಗ ಮಿಕ್ಸರ್‌ನ ಆ ಚಾನೆಲ್ ಕೆಟ್ಟಿತ್ತು. ಡಬ್ಬಿಯಲ್ಲಿ ಸಿಕ್ಕಿಬಿದ್ದ ಕಡಜದ ಹಾಗೆ ಸದ್ದು ಬಂತು. ಹಾಗೇ ಬಿಟ್ಟರು. 1961ರಲ್ಲಿ ಹಾಡು ಹಿಟ್ ಆಯಿತು. ಆಮೇಲೆ ಬೇರೆಯವರೂ ಅದೇ ಸದ್ದು ಕೇಳಿಕೊಂಡು ಬಂದರು. ಅಷ್ಟರಲ್ಲಿ ಆ ಚಾನೆಲ್ ಪೂರ್ತಿ ಸತ್ತಿತ್ತು! ಇಂಜಿನಿಯರ್ ಗ್ಲೆನ್ ಸ್ನಾಡಿ ಕೂತು, ಕೆಟ್ಟ ಮಿಕ್ಸರಿನ ಹಾಗೆಯೇ ಕಿರುಗುಟ್ಟುವ ಸರ್ಕ್ಯೂಟ್ ಮಾಡಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೆಸ್ಟ್ರೋ ಫಜ್-ಟೋನ್ ಅಂತ ಕಾಲಲ್ಲಿ ಒತ್ತುವ ಪೆಡಲ್ ಮಾಡಿ ಮಾರಿತು. ನನ್ನ ಮಾಡೆಲರ್‌ನಲ್ಲಿ ಅದರ ನಕಲೂ ಇದೆ. ಅಂದರೆ ಸತ್ತ ಚಾನೆಲ್, ಅದರ ಮಗ, ಮೊಮ್ಮಗ. ಮೂರು ತಲೆಮಾರಿನ ಕಡಜ.

ಮಾರ್ಷಲ್ ಆಂಪ್ ಕತೆಯೂ ಇಂಥದ್ದೇ. 'ಅಪ್ಪಟ ಬ್ರಿಟಿಷ್ ಟೋನ್' ಅಂತ ನಾವು ಕೈ ಮುಗಿಯುತ್ತೇವಲ್ಲ, ಅದು ಹುಟ್ಟಿದ್ದು 1962ರಲ್ಲಿ, ಪಶ್ಚಿಮ ಲಂಡನ್‌ನ ಹ್ಯಾನ್‌ವೆಲ್‌ನಲ್ಲಿ, ಜಿಮ್ ಮಾರ್ಷಲ್ ಅವರ ಡ್ರಮ್ ಅಂಗಡಿಯಲ್ಲಿ. ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪ್ ದುಬಾರಿ. ಅದರ ಸರ್ಕ್ಯೂಟನ್ನೇ ಎದುರಿಗಿಟ್ಟುಕೊಂಡು, ಅಲ್ಲೇ ಸಿಗುವ ಬಿಡಿಭಾಗ ಹಾಕಿ ಕಟ್ಟಿದರು. ಬಾಸ್‌ಮನ್ ಅಂದರೆ ಹೆಸರೇ ಹೇಳುವ ಹಾಗೆ ಬಾಸ್ ಗಿಟಾರಿಗೆ ಮಾಡಿದ್ದು. ಈಗ 'ಇದು ನಿಜವಾದ ಮಾರ್ಷಲ್ ಅಲ್ಲ, ಬರೀ ನಕಲು' ಅಂತ ಮಾಡೆಲರ್‌ಗೆ ಮೂಗು ಮುರಿಯುವವರನ್ನು ಕಂಡರೆ ನನಗೆ ನಗು ತಡೆಯೋಕಾಗಲ್ಲ.

ನನ್ನ ಪೆಟ್ಟಿಗೆಯಲ್ಲಿ 'ಸ್ಯಾಗ್' ಅಂತ ಇನ್ನೊಂದು ನಾಬ್ ಇದೆ. ಜೋರಾಗಿ ನುಡಿಸಿದಾಗ ಆಂಪ್‌ನ ಒಳಗಿನ ವೋಲ್ಟೇಜ್ ಕುಸಿದು, ಸದ್ದು ಮೆತ್ತಗಾಗಿ ಮತ್ತೆ ಎದ್ದು ಬರುತ್ತದೆ. ಆ ಕುಸಿತದ ನಕಲು ಇದು. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್, ವೋಲ್ಟೇಜ್ ಏರಿಳಿಸುವ ವೇರಿಯಾಕ್ ಅನ್ನೋ ಪೆಟ್ಟಿಗೆ ಇಟ್ಟುಕೊಂಡು ತಮ್ಮ ಮಾರ್ಷಲ್‌ಗೆ ಹೋಗುವ ಕರೆಂಟನ್ನೇ ಇಳಿಸುತ್ತಿದ್ದರು, ಸುಮಾರು 90 ವೋಲ್ಟ್‌ಗೆ. ಆದರೆ ಮೊದಮೊದಲು, ಏರಿಸುತ್ತೇನೆ ಅಂತಲೇ ಹೇಳಿಕೊಂಡಿದ್ದರು. ಅದನ್ನು ನಂಬಿ ಏರಿಸಿದವರ ಆಂಪ್‌ಗಳ ಆತ್ಮಕ್ಕೆ ಶಾಂತಿ ಸಿಗಲಿ.

ಅಜ್ಜಿ ಊರಿನಲ್ಲಿ ಇದಕ್ಕೆ ವೇರಿಯಾಕ್ ಬೇಕಿರಲಿಲ್ಲ. ಸುತ್ತಲಿನ ತೋಟಗಳಲ್ಲಿ ಪಂಪ್‌ಸೆಟ್ ಶುರುವಾದರೆ ಬಲ್ಬು ಹರಳೆಣ್ಣೆ ದೀಪವಾಗುತ್ತಿತ್ತು. ರೇಡಿಯೋ ವಾರ್ತೆ ಓದುವವರಿಗೆ ನಿದ್ದೆ ಬಂದ ಹಾಗಾಗುತ್ತಿತ್ತು. ಮಾವ ಬೈದುಕೊಂಡು ಪೇಟೆಗೆ ಹೋಗಿ ಸ್ಟೆಬಿಲೈಜರ್ ತಂದರು. ಪಾಪ, ಎಡ್ಡಿಯ ಆ ಹೆಸರಾಂತ 'ಬ್ರೌನ್ ಸೌಂಡ್' ಮನೆ ಬಾಗಿಲಿಗೇ ಬಂದಿತ್ತು ಅಂತ ಅವರಿಗೇನು ಗೊತ್ತು! ಸಾಯುತ್ತಿರುವ ಬ್ಯಾಟರಿಯ ಹಾಗೆ ವೋಲ್ಟೇಜ್ ಇಳಿಸಿ ಕೊಡುವ ಪೆಡಲ್ ಪವರ್ ಸಪ್ಲೈ ಕೂಡ ಇದೆ. ನಾವು ಟಾರ್ಚ್ ಸೆಲ್ಲನ್ನು ಬಿಸಿಲಿಗಿಟ್ಟು ಬದುಕಿಸಿದವರು. ದುಡ್ಡು ಕೊಟ್ಟು ಸಾಯಿಸುವುದು ನಮಗೆ ಹೊಸದು.

ಇನ್ನು ಹೆಸರುಗಳ ವಿಷಯ. ಟ್ರೇಡ್‌ಮಾರ್ಕ್ ಭಯಕ್ಕೆ ಹಲವು ಮಾಡೆಲರ್‌ಗಳು ಅಸಲಿ ಹೆಸರು ಎತ್ತುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಮದುಮಗಳು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾಳಲ್ಲ, ಹಾಗೆ. ಮಾರ್ಷಲ್ ಅನ್ನಲಾರರು, 'ಬ್ರಿಟ್ ಪ್ಲೆಕ್ಸಿ' ಅನ್ನುತ್ತಾರೆ. ವಾಕ್ಸ್ ಎಸಿ30 ಅನ್ನಲಾರರು, 'ಎಸೆಕ್ಸ್ ಎ30' ಅನ್ನುತ್ತಾರೆ. ವಾಕ್ಸ್ ಹುಟ್ಟಿದ್ದು ಕೆಂಟ್ ಸೀಮೆಯ ಡಾರ್ಟ್‌ಫರ್ಡ್‌ನಲ್ಲಿ. ನಾಚಿಕೆಯಲ್ಲಿ ಗಂಡನ ಊರೂ ತಪ್ಪಿಹೋಗಿದೆ.

ಇದೆಲ್ಲ ನಡೆಯುವುದು ಮಗು ಮಲಗಿದ ಮೇಲೆ, ಹೆಡ್‌ಫೋನ್‌ನಲ್ಲಿ. 1966ರಲ್ಲಿ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಡೆಕ್ಕಾ ಸ್ಟುಡಿಯೋದಲ್ಲಿ ಆಂಪ್‌ನ ವಾಲ್ಯೂಮ್ ಇಳಿಸೋದೇ ಇಲ್ಲ ಅಂತ ಹಟ ಹಿಡಿದು, ಸ್ಟುಡಿಯೋದವರನ್ನು ಕಂಗಾಲು ಮಾಡಿದ್ದರು. ಆ ಅಬ್ಬರವನ್ನು ನಾನು ರಾತ್ರಿ ಹನ್ನೊಂದಕ್ಕೆ, ಸೊಳ್ಳೆಯ ದನಿಯಷ್ಟರಲ್ಲಿ ಕೇಳಿಕೊಂಡು, 'ಹೂಂ, ಗಾಳಿ ಅಲುಗಾಡಿದ ಅನುಭವ ಸಾಲದು' ಅಂತ ತಲೆ ಆಡಿಸುತ್ತೇನೆ. ಆ ರೆಕಾರ್ಡಿನಲ್ಲಿ ನಾವು ಕೇಳಿದ್ದು ಮೈಕಿಗೆ ಕೇಳಿಸಿದ್ದನ್ನು ಮಾತ್ರ. ಆ ಕೋಣೆಯ ಗಾಳಿಯಲ್ಲಿ ನಾವ್ಯಾರೂ ನಿಂತಿರಲಿಲ್ಲ. ಆದರೂ ಅದರ ನೆನಪು ನಮಗೆ ಚೆನ್ನಾಗಿದೆ.

ಎರಡು ಮೂರು ತಿಂಗಳಿಗೊಮ್ಮೆ ಫರ್ಮ್‌ವೇರ್ ಅಪ್‌ಡೇಟ್ ಬರುತ್ತದೆ. 'ಪ್ಲೆಕ್ಸಿ ಈಗ ಇನ್ನೂ ಅಸಲಿ' ಅನ್ನುತ್ತಾರೆ. ಹಾಗಾದರೆ ಹೋದ ಸಲ ತಾಯಾಣೆ ಇದೇ ಅಸಲಿ ಅಂತ ನಾನು ಗೆಳೆಯರ ಎದುರು ವಾದ ಮಾಡಿದ್ದು? ಅದನ್ನು ಯಾರೂ ಕೇಳಬಾರದು. ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ ಮೊದಲ ಆಲ್ಬಂ 1969ರಲ್ಲಿ ಬಂದಾಗ ಅದೆಷ್ಟು ಜನ ಲೆಸ್ ಪಾಲ್ ಗಿಟಾರು, ದೊಡ್ಡ ಮಾರ್ಷಲ್ ಕೊಳ್ಳೋಕೆ ಸಾಲ ಮಾಡಿದರೋ. ತಂಡದ ಗಿಟಾರಿಸ್ಟ್ ಜಿಮ್ಮಿ ಪೇಜ್ ಅದರಲ್ಲಿ ಹೆಚ್ಚಾಗಿ ನುಡಿಸಿದ್ದು ಟೆಲಿಕಾಸ್ಟರ್ ಅನ್ನೋ ಬೇರೆಯೇ ಗಿಟಾರು, ಆಂಪ್ ಸಣ್ಣದೊಂದು ಸುಪ್ರೋ. ಪೇಜ್‌ರ ಸುಪ್ರೋ ಮಾದರಿ ಯಾವುದು ಅಂತ ಈಗ ಗೋತ್ರ ಪ್ರವರ ಸಮೇತ ಜಗಳ ನಡೆಯುತ್ತಿದೆ.

ಮೊನ್ನೆ ಸೋದರತ್ತೆ ಬಂದಿದ್ದರು. ನಲವತ್ತು ವರ್ಷದಿಂದ ಸಂಗೀತ ಪಾಠ ಹೇಳುವವರು. ಅವರ ಬ್ಯಾಗಿನಲ್ಲಿ ಟಿಫನ್ ಡಬ್ಬಿಯಷ್ಟು ದೊಡ್ಡ ಎಲೆಕ್ಟ್ರಾನಿಕ್ ತಂಬೂರಿ.

"ಅತ್ತೆ, ಇದರಲ್ಲಿ ಜೀವಾಳಿ ಅಸಲಿ ಥರಾನೇ ಬರುತ್ತಾ? ಹಲಸಿನ ಮರದ ನಾದ ಸಿಗುತ್ತಾ?" ಅಂತ ಕೇಳಿದೆ.

"ಶ್ರುತಿ ಸೇರುತ್ತೆ ಕಣೋ. ಇನ್ನೇನಾಗ್ಬೇಕು?" ಅಂದರು. ಆಮೇಲೆ ನನ್ನ ಪೆಟ್ಟಿಗೆಯ ಮಿಣಮಿಣ ದೀಪಗಳನ್ನು ನೋಡಿ, "ಎಷ್ಟೊಂದು ತಂದಿಟ್ಟಿದ್ದೀಯ! ಎಲ್ಲಿ, ಏನಾದ್ರೂ ನುಡಿಸು" ಅಂದರು.

ಟೋನ್ ಪರೀಕ್ಷೆಗೆ ಅಂತ ದಿನಾ ಬಾರಿಸುವ ನಾಲ್ಕು ಸ್ವರ ಇದೆಯಲ್ಲ, ಅದನ್ನು ಬಾರಿಸಿದೆ.

"ಚೆನ್ನಾಗಿದೆ. ಮುಂದೆ?"

ಮುಂದೆ ಇಲ್ಲ. ಇನ್ನೊಂದು ಪ್ರೀಸೆಟ್ ಹಾಕಿ ಅದೇ ನಾಲ್ಕು ಸ್ವರ ಬಾರಿಸಿದೆ. ಅತ್ತೆ ಕಾಫಿಗೆ ಎದ್ದರು.

ಕಳೆದ ತಿಂಗಳು ಮಾಡೆಲರ್ ಸ್ವಂತದ್ದೊಂದು ರೋಗ ಹತ್ತಿಸಿಕೊಂಡಿತು. ಔಟ್‌ಪುಟ್ ಜಾಕ್ ಸಡಿಲವಾಗಿ, ಜೋರಾಗಿ ಮೀಟಿದಾಗೆಲ್ಲ ಕರಕರ ಅಂತ ಸದ್ದು ಹರಿದುಕೊಂಡು ಬರುತ್ತಿತ್ತು. ನನಗೆ ರೇಗಿಹೋಯಿತು. ಇಷ್ಟು ದುಡ್ಡು ಕೊಟ್ಟು ಈ ದರಿದ್ರ ಸದ್ದು ಕೇಳಬೇಕಾ? ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಿ ಕೂಗಾಡಿದೆ. ವಾರಂಟಿಯಲ್ಲಿ ಜಾಕ್ ಬದಲಿಸಿ, ಹೊಸದರ ಹಾಗೆ ಮಾಡಿ ಕೊಟ್ಟರು.

ಖುಷಿಯಲ್ಲಿ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನೂ ನನ್ನಂಥವನೇ. ಒಂದು ನಿಮಿಷ ಮಾತೇ ಆಡಲಿಲ್ಲ.

"ರಿಪೇರಿಗೆ ಕೊಡೋ ಮುಂಚೆ ಆ ಸದ್ದನ್ನ ಕ್ಯಾಪ್ಚರ್ ಮಾಡ್ಕೊಂಡ್ಯಾ?" ಅಂದ.

ಮಾಡಿಕೊಂಡಿರಲಿಲ್ಲ. ಮೂರು ವಾರದಿಂದ ಮೆನು ಒಳಗೆ ಮೆನು ಹುಡುಕುತ್ತಿದ್ದೇನೆ. ಆ ಕರಕರ ಎಲ್ಲೂ ಸಿಗುತ್ತಿಲ್ಲ.